ಒಂದು ದೋಸೆ ದೂರದ ಯುದ್ಧ

ನನ್ನ ಕೈಕೆಳಗೆ ನೂರ ಹನ್ನೆರಡು ಮಂದಿ ಸೈನಿಕರಿದ್ದಾರೆ. ಎಲ್ಲರೂ ಹೆಬ್ಬೆರಳಿನಷ್ಟು ಎತ್ತರದ ಕುಳ್ಳರು. ಹೊಟ್ಟೆಯ ತನಕ ಗಡ್ಡ, ಕೈಯಲ್ಲಿ ಕೊಡಲಿ. ಅವರ ವಾಸ ಹೋಟೆಲಿನ ಹಳೆಯ ಇಡ್ಲಿ ತಟ್ಟೆಗಳಲ್ಲಿ, ಗುಳಿಗೊಬ್ಬರಂತೆ, ಕೆಳಗೆ ಹತ್ತಿಯ ಹಾಸಿಗೆ. ಒಬ್ಬೊಬ್ಬನ ಗಡ್ಡಕ್ಕೂ ನಾನೇ ಸಣ್ಣ ಕುಂಚದಿಂದ ಬಣ್ಣ ಹಚ್ಚಿದ್ದೇನೆ. ಐವತ್ತಾರು ವರ್ಷದ ಗಂಡಸು ಗೊಂಬೆ ಆಡುತ್ತಾನೆಂದು ನೀವು ನಗುವುದಾದರೆ ನಗಿ. ನನ್ನ ಹೆಂಡತಿ ಸುಮತಿ ನಕ್ಕು ಮುಗಿಸಿ ಮೂರು ವರ್ಷವಾಯಿತು.

ಈ ಹುಚ್ಚು ಹಿಡಿಸಿದವನು ಹಿತೇಶ್‌ಭಾಯಿ. ಸೂರತ್ತಿನ ಕೈಗಾರಿಕಾ ಪ್ರದೇಶ ಸಚಿನ್‌ನಲ್ಲಿ ಬಟ್ಟೆಯ ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ ಅವನ ಕೆಲಸ. ಅಹಮದಾಬಾದಿಗೆ ಬಂದಾಗಲೆಲ್ಲ ನವರಂಗಪುರದ ನನ್ನ ಹೋಟೆಲಿನಲ್ಲೇ ಊಟ. ಒಮ್ಮೆ ಅವನು ಮರೆತುಹೋದ ಚೀಲ ತೆರೆದು ನೋಡಿದರೆ ಒಳಗೆ ಕೊಂಬಿನ ರಾಕ್ಷಸರು! ಯಾವುದೋ ಮಾಟದ ಸಾಮಾನೆಂದು ಸುಮತಿ ಅದನ್ನು ಗಲ್ಲಾಪೆಟ್ಟಿಗೆಯ ಹತ್ತಿರ ಇಡಲಿಕ್ಕೂ ಬಿಡಲಿಲ್ಲ. ಚೀಲ ಹುಡುಕಿಕೊಂಡು ಬಂದ ಹಿತೇಶ್‌ಭಾಯಿ ಮೇಜಿನ ಮೇಲೆ ರಾಕ್ಷಸರನ್ನು ಸಾಲಾಗಿ ನಿಲ್ಲಿಸಿ ಆಟ ವಿವರಿಸಿದ. ಅಹಮದಾಬಾದಿನದೇ ಬಡಾವಣೆ ಬೋಪಾಲ್‌ನಲ್ಲಿ ಮನೆ ಮಾಡಿರುವ ಹಿರೇಮಠರು ಅಲ್ಲೇ ಕಾಫಿ ಕುಡಿಯುತ್ತಿದ್ದರು. ಧಾರವಾಡದವರು, ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದು ನಿವೃತ್ತಿಯಾದ ಮೇಲೂ ಇಲ್ಲೇ ಉಳಿದವರು. ಕಾಫಿ ಆರಿಹೋದದ್ದೂ ಅವರಿಗೆ ಗೊತ್ತಾಗಲಿಲ್ಲ. ತಿಂಗಳೊಳಗೆ ಅವರು ಎಲುಬಿನ ಗೂಡುಗಳ ಪಡೆ ಕಟ್ಟಿದರು, ನಾನು ಕುಳ್ಳರದ್ದು.

ಹೋಟೆಲಿಗೂ ಹಿತೇಶ್‌ಭಾಯಿಯ ಕಾರ್ಖಾನೆಗೂ ಸೋಮವಾರ ರಜೆ. ಬೆಳಿಗ್ಗೆ ಹತ್ತಕ್ಕೆ ನಾಲ್ಕು ಮೇಜು ಜೋಡಿಸಿದರೆ ರಣಭೂಮಿ ಸಿದ್ಧ. ಬೋರಲು ಹಾಕಿದ ಬೋಗುಣಿಗಳು ಬೆಟ್ಟ, ಹಳೆಯ ಬ್ಯಾನರಿನ ನೀಲಿ ತುಂಡು ನದಿ, ಕೊತ್ತಂಬರಿ ಕಟ್ಟು ಕಾಡು. ಕಾಡು ಸಂಜೆಯ ಹೊತ್ತಿಗೆ ಬಾಡುತ್ತದೆ, ಅಷ್ಟರಲ್ಲಿ ಯುದ್ಧವೂ ಮುಗಿಯುತ್ತದೆ. ಚದುರಂಗ ನಮ್ಮ ದೇಶದಲ್ಲೇ ಹುಟ್ಟಿದ್ದು ಎನ್ನುತ್ತಾರೆ. ಇರಬಹುದು. ಆದರೆ ಅಲ್ಲಿ ಮನೆ ಎಣಿಸಿದರೆ ಸಾಕು. ನಮ್ಮ ಆಟದಲ್ಲಿ ಚೌಕಗಳಿಲ್ಲ; ಎಲ್ಲವೂ ಇಂಚಿನ ಲೆಕ್ಕ. ಮೊದಲು 'ದಾಳಿ' ಎಂದು ಘೋಷಿಸಬೇಕು, ಆಮೇಲೆ ಟೇಪು ಹಿಡಿಯಬೇಕು. ದೂರವನ್ನು ಕಡಿಮೆ ಅಂದಾಜು ಮಾಡಿದಿರೋ, ನಿಮ್ಮ ಸೈನ್ಯ ಅರ್ಧ ದಾರಿಯಲ್ಲಿ ಶತ್ರುವಿನ ಎದುರು ಪೆಚ್ಚಾಗಿ ನಿಲ್ಲುತ್ತದೆ.

ಇಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಏಕೆಂದರೆ ನನ್ನ ಕಣ್ಣಿನಲ್ಲಿ ದೋಸೆಯಿದೆ. ನಮ್ಮ ಹೋಟೆಲಿನ ಮಸಾಲೆ ದೋಸೆ ಅಂಚಿನಿಂದ ಅಂಚಿಗೆ ಹನ್ನೆರಡು ಇಂಚು, ಸೆಟ್ ದೋಸೆ ಆರು. ಮೂವತ್ತು ವರ್ಷ ಕಾವಲಿಯ ಮುಂದೆ ಬೆವರಿದವನಿಗೆ ಟೇಪು ಯಾಕೆ? ರಾಕ್ಷಸರಿಗೂ ಕುಳ್ಳರಿಗೂ ನಡುವೆ ಮನಸ್ಸಿನಲ್ಲೇ ಒಂದು ದೋಸೆ ಹಾಸಿ, ದೂರ ಅದನ್ನು ಮೀರದಿದ್ದರೆ 'ದಾಳಿ' ಎನ್ನುತ್ತಿದ್ದೆ; ಕುಳ್ಳರು ಒಂದು ದಾಳಿಗೆ ಓಡಬಲ್ಲದ್ದೂ ಹನ್ನೆರಡೇ ಇಂಚು. ಒಮ್ಮೆಯೂ ದಾಳಿ ಅರ್ಧ ದಾರಿಯಲ್ಲಿ ನಿಂತದ್ದಿಲ್ಲ.

ಇನ್ನು ಮುಚ್ಚಿಟ್ಟ ವಿಷಯಕ್ಕೆ ಬರುತ್ತೇನೆ. ಈ ಆಟಕ್ಕೊಂದು ನಿಯಮದ ಪುಸ್ತಕವಿದೆ. ದಪ್ಪ ರಟ್ಟು, ಒಳಗೆಲ್ಲ ಸಣ್ಣಕ್ಷರದ ಇಂಗ್ಲಿಷು. ನಾನು ಬೈಂದೂರಿನ ಶಾಲೆಯನ್ನು ಏಳನೆಯ ತರಗತಿಗೆ ಬಿಟ್ಟು ಲೋಟ ತೊಳೆಯಲು ಹೊರಟವನು. ಕನ್ನಡ ಓದುತ್ತೇನೆ, ಬರೆಯುತ್ತೇನೆ, ನೀವೇ ನೋಡುತ್ತಿದ್ದೀರಿ. ಇಂಗ್ಲಿಷು ಬರುವುದು ಮೆನು ಕಾರ್ಡಿನಷ್ಟು. ಆದರೆ ಒಂದೇ ಸಲಕ್ಕೆ ಎಂಟು ಮೇಜಿನ ಆರ್ಡರನ್ನು ಬರೆದುಕೊಳ್ಳದೆ ಅಡುಗೆಮನೆಗೆ ಒಪ್ಪಿಸಿದ ತಲೆ ನನ್ನದು. ಹಾಗಾಗಿ ಪುಸ್ತಕವನ್ನು ಮಗಳು ಅಶ್ವಿನಿಯ ಕೈಗೆ ಕೊಟ್ಟು, "ಗಟ್ಟಿಯಾಗಿ ಓದಿ ಅರ್ಥ ಹೇಳು, ನಿನ್ನ ಕನ್ನಡ ಎಷ್ಟು ಸುಧಾರಿಸಿದೆ ನೋಡುವ" ಎಂದೆ. ಇಲ್ಲೇ ಹುಟ್ಟಿ ಬೆಳೆದವಳು, ಅರ್ಧ ಹಿಂದಿಯಲ್ಲಿ ಅರ್ಧ ಕನ್ನಡದಲ್ಲಿ ಹೇಳಿದಳು. ನಾನು ಪರೀಕ್ಷಕನ ಮುಖ ಮಾಡಿಕೊಂಡು ಕೇಳಿ ಕಂಠಪಾಠ ಮಾಡಿದೆ. ನಮ್ಮ ಕಡೆ ತಾಳಮದ್ದಳೆಯಲ್ಲಿ ಓದು ಬಾರದ ಅರ್ಥಧಾರಿಗಳೂ ಪಂಡಿತರ ಬಾಯಿ ಮುಚ್ಚಿಸುತ್ತಿದ್ದರು. ಅವರಿಗೂ ಕಿವಿಯೇ ಶಾಲೆ. ಮೂರು ವರ್ಷ ಯಾರಿಗೂ ಗುಟ್ಟು ತಿಳಿಯಲಿಲ್ಲ.

ಆದರೆ ಈ ಆಟ ಮಾಡುವವರಿಗೆ ಒಂದು ಕೆಟ್ಟ ಚಟವಿದೆ: ಕೆಲವು ವರ್ಷಕ್ಕೊಮ್ಮೆ ಪುಸ್ತಕವನ್ನೇ ಬದಲಾಯಿಸುತ್ತಾರೆ. ಹೊಸ ಆವೃತ್ತಿ ಬಂದಾಗ ಅಶ್ವಿನಿ ಕೆಲಸ ಸಿಕ್ಕಿ ವಡೋದರಾಕ್ಕೆ ಹೋಗಿದ್ದಳು. ಗೆಳೆಯರಿಬ್ಬರೂ ಓದಿಕೊಂಡು ಬಂದರು. "ಓದಿದ್ರೇನ್ರೀ ಶೆಟ್ರ?" ಎಂದು ಹಿರೇಮಠರು ಕೇಳಿದರು. "ಓಹೋ, ಎರಡು ಸಲ" ಎಂದೆ. ಒಂದು ಸಲ ಎಂದಿದ್ದರೂ ಸುಳ್ಳೇ ಆಗುತ್ತಿತ್ತು. ಎರಡು ಎಂದದ್ದು ಜಂಬ.

ಆ ಸೋಮವಾರ ಆಟ ಬಿಸಿಯೇರಿತ್ತು. ಹಿತೇಶ್‌ಭಾಯಿ ದಾಳಿ ಘೋಷಿಸುವ ಮೊದಲೇ ಟೇಪು ಎಳೆದು ನನ್ನ ಕುಳ್ಳರ ಕಡೆಗೆ ಹಿಡಿದ. ನಾನು ಮೇಜು ಕುಟ್ಟಿ ಎದ್ದೆ.

"ಯೇ ಚೀಟಿಂಗ್ ಹೈ!"

ಹಿತೇಶ್‌ಭಾಯಿಯ ಕೈಯಲ್ಲಿದ್ದ ಟೇಪು ಸರ್ರನೆ ಒಳಗೆ ಹೋಯಿತು. "ಅಣ್ಣಾ, ಮುಝೆ ಬೋಲಾ? ಚೀಟಿಂಗ್?"

"ಶೆಟ್ರ, ಸಿಟ್ಟ ಬ್ಯಾಡ್ರಿ," ಎಂದರು ಹಿರೇಮಠರು. "ಹೊಸಾ ಪುಸ್ತಕದಾಗ ಮೊದಲ ಅಳೀಬಹುದು ಅಂತ ಬರದಾರ. ಇಲ್ಲೇ ಅದ ನೋಡ್ರಿ, ನೀವ ಓದ್ರಿ."

ಪುಸ್ತಕ ನನ್ನ ಮುಂದೆ ಬಂತು. ಅವರ ಬೆರಳು ಒಂದು ಸಾಲಿನ ಮೇಲಿತ್ತು. ಆ ಸಾಲು ನನಗೆ ಇರುವೆಯ ಸಾಲಿನಷ್ಟೇ ತಿಳಿಯಿತು. ಆಗಲೇ 'ತಪ್ಪಾಯಿತು' ಎಂದಿದ್ದರೆ ಮುಗಿಯುತ್ತಿತ್ತು. ನಾನು ಪುಸ್ತಕ ಮುಚ್ಚಿ, "ಪುಸ್ತಕದಲ್ಲಿ ನೂರು ಬರೆದಿರುತ್ತದೆ, ಆಡುವವನಿಗೆ ಮರ್ಯಾದೆ ಬೇಡವಾ?" ಎಂದುಬಿಟ್ಟೆ. ಹಿತೇಶ್‌ಭಾಯಿ ರಾಕ್ಷಸರನ್ನು ಒಬ್ಬೊಬ್ಬರನ್ನಾಗಿ ಬಟ್ಟೆಯಲ್ಲಿ ಸುತ್ತಿ, ಊಟವನ್ನೂ ಮಾಡದೆ ಸೂರತ್ತಿನ ರೈಲಿಗೆ ಹೊರಟುಹೋದ. ನನ್ನ ಹೋಟೆಲಿನಿಂದ ಗೆಳೆಯನೊಬ್ಬ ಹಸಿದು ಹೋದದ್ದು ಅದೇ ಮೊದಲು.

ಮುಂದಿನ ಸೋಮವಾರ ಅವನು ಬರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ನಾನು ಖಾಲಿ ಹೋಟೆಲಿನಲ್ಲಿ ಕುಳಿತು ಕುಳ್ಳರ ಧೂಳು ಒರೆಸಿದೆ. ಸುಮತಿ ನೋಡಿದಳು.

"ಹ್ವಾಯ್, ಫೋನ್ ಮಾಡುಕೆ ಎಂತ ಬ್ಯಾನಿ ನಿಮ್ಗೆ?"

"ಮಾಡಿ ಎಂತ ಹೇಳುದು?"

"ಇಂಗ್ಲಿಷ್ ಓದುಕ್ ಬತ್ತಿಲ್ಲೆ ಅಂತ ಹೇಳಿ. ಬತ್ತಿಲ್ಲೆ ಅಂಬುದ್ ಊರಿಗೇ ಗೊತ್ತಿತ್ತ್. ಬೋರ್ಡ್ ಬರ್ಸುವತಿಗೆ ನನ್ನತ್ರ ಸ್ಪೆಲ್ಲಿಂಗ್ ಕೇಂಡದ್ದ್ ಯಾರ್?"

ಮೂವತ್ತು ವರ್ಷ ಮುಚ್ಚಿಟ್ಟ ಗುಟ್ಟು ಮನೆಯೊಳಗೇ ಇಷ್ಟು ಅಗ್ಗವಾಗಿದೆಯೆಂದು ನನಗೆ ಗೊತ್ತಿರಲಿಲ್ಲ. ಮರುದಿನ ಫೋನು ಮಾಡಿದೆ. ಹಿಂದೆ ಕಾರ್ಖಾನೆಯ ಯಂತ್ರದ ಸದ್ದು ಕೇಳುತ್ತಿತ್ತು. ತಪ್ಪು ನನ್ನದೇ, ಓದಲು ಬರುವುದಿಲ್ಲ ಎಂದು ಆ ಗದ್ದಲದಲ್ಲಿ ಹೇಳುವುದು ಸುಲಭವಾಯಿತು. "ಹಿತೇಶ್‌ಭಾಯ್, ಗಲ್ತಿ ಮೇರಿ ಥೀ. ವೋ ಕಿತಾಬ್ ಮೈನೆ ಪಢೀ ಹಿ ನಹೀ. ಹಳೆಯದನ್ನೂ ಓದಿಲ್ಲ. ಪಢ್‌ನಾ ಆತಾ ನಹೀ." ಗಾಬರಿಯಲ್ಲಿ ನಡುವೆ ಕನ್ನಡವೂ ನುಸುಳಿತ್ತು.

ಯಂತ್ರದ ಸದ್ದನ್ನೂ ಮೀರಿ ಅವನ ದನಿ ಏರಿತು: "ಏಕ್ ಮಿನಿಟ್. ತೀನ್ ಸಾಲ್ ಮೈ ಐಸೇ ಆದ್ಮೀಸೇ ಹಾರಾ, ಜಿಸ್‌ನೇ ಕಿತಾಬ್ ಪಢೀ ಹಿ ನಹೀ?"

ಮೋಸಗಾರನೆಂದು ಕರೆದದ್ದನ್ನು ಅವನು ಆ ಕ್ಷಣವೇ ಮರೆತ. ಪುಸ್ತಕವನ್ನೇ ಓದದವನ ಕೈಯಲ್ಲಿ ಮೂರು ವರ್ಷ ಸೋತ ಈ ಅವಮಾನ ಅದಕ್ಕಿಂತ ದೊಡ್ಡದಾಗಿತ್ತು.

ಸೋಮವಾರ ಅವನು ಬಂದ, ಕೈಯಲ್ಲಿ ಲೋಚೋ ಪೊಟ್ಟಣ. ಕಡಲೆಬೇಳೆಯ ಖಮಣ್ ಮಾಡಲು ಹೋಗಿ ಹದ ತಪ್ಪಿ ಹುಟ್ಟಿದ ತಿಂಡಿ ಅದೆಂದು ಸೂರತ್ತಿನವರು ಹೇಳುತ್ತಾರೆ. ನಾವು ಮೂವರೂ ಬೆರಳು ಚೀಪುತ್ತ ತಿಂದೆವು. ತಪ್ಪಿನ ಬಗ್ಗೆ ಬೇರೆ ಮಾತು ಬೇಕಾಗಲಿಲ್ಲ. ಅಂದಿನಿಂದ ಹೊಸ ಪದ್ಧತಿ ಶುರುವಾಯಿತು. ಆಟಕ್ಕೆ ಮೊದಲು ಒಂದು ಗಂಟೆ ಪುರಾಣ ವಾಚನ: ಹಿರೇಮಠರು ಬ್ಯಾಂಕಿನ ಸುತ್ತೋಲೆಯ ದನಿಯಲ್ಲಿ ಪುಸ್ತಕ ಓದಿ ಧಾರವಾಡದ ಕನ್ನಡದಲ್ಲಿ ವ್ಯಾಖ್ಯಾನ ಮಾಡುವುದು, ನಾನು ಬೀನ್ಸ್ ನಾರು ತೆಗೆಯುತ್ತ ಕೇಳುವುದು. ಕೈಗೆ ಕೆಲಸವಿದ್ದರೆ ನನ್ನ ಕಿವಿ ಚುರುಕು.

ನಾಲ್ಕನೆಯ ವಾರ ನಾನು ಬೀನ್ಸ್ ಕೆಳಗಿಟ್ಟೆ. "ತಡೆಯಿರಿ ಹಿರೇಮಠರೇ. ಹಿಂದೆ ಸರಿದವನು ಆ ಸುತ್ತಿನಲ್ಲಿ ಬಾಣ ಬಿಡಬಹುದು ಅಂದ್ರಲ್ಲ ಈಗ? ಎರಡನೇ ವಾರ ಬಿಡುವ ಹಾಗಿಲ್ಲ ಅಂದಿದ್ರಿ."

"ಹಂಗ ಅಂದಿರಲಿಕ್ಕಿಲ್ಲ ಬಿಡ್ರಿ."

"ಅಂದಿದ್ರಿ. ಹಿತೇಶ್‌ಭಾಯಿ ಆಗ ಚಹಾ ಚೆಲ್ಲಿಕೊಂಡದ್ದು."

ಹಿರೇಮಠರು ಹಿಂದಿನ ಪುಟಗಳನ್ನು ತಿರುವಿದರು. ಚಹಾದ ಕಲೆ ಸಿಕ್ಕಿತು, ಅದರ ಮೇಲಿನ ಸಾಲೂ ಸಿಕ್ಕಿತು. ಕನ್ನಡಕ ತೆಗೆದು ಒರೆಸಿದರು. "ಆತು. ಪುಸ್ತಕಾನ ತಪ್ಪದ. ನಾವಿಬ್ಬರು ಓದಿಕೊಂಡು ಬಂದೋರು, ನಮಗ ಕಾಣಲಿಲ್ಲ ನೋಡ್ರಿ."

ನಾನು ಎಷ್ಟು ಉಬ್ಬಿದೆನೆಂದು ನಿಮಗೆ ಹೇಳುವುದಿಲ್ಲ. ಉಬ್ಬಿದ್ದು ಎರಡು ಗಂಟೆ ಉಳಿಯಲೂ ಇಲ್ಲ.

ಅಂದಿನ ಯುದ್ಧದಲ್ಲಿ ಹಿತೇಶ್‌ಭಾಯಿ ಉದಾರಿಯಾಗಿ, "ಅಣ್ಣಾಗೆ ಹಳೆಯ ನಿಯಮವೇ ಇರಲಿ, ಅವರ ಕಣ್ಣೇ ಟೇಪು" ಎಂದ. ದಾನ ಪಡೆಯುವ ಜಾತಿ ನನ್ನದಲ್ಲ. "ಕೊಡು ಟೇಪು" ಎಂದೆ. ಮೊದಲು ಕಣ್ಣಿನಲ್ಲಿ ದೋಸೆ ಹಾಸಿದೆ: ಸರಿಯಾಗಿ ಒಂದು ದೋಸೆ, ಹನ್ನೆರಡು ಇಂಚು. ಆಮೇಲೆ ಟೇಪು ಹಿಡಿದೆ. ಹನ್ನೊಂದೂವರೆ. ಇನ್ನೊಂದು ಕಡೆ ಅಳೆದೆ, ಅಲ್ಲಿಯೂ ದೋಸೆಗೆ ಅರ್ಧ ಇಂಚು ಕಡಿಮೆ. ಮೂರು ವರ್ಷ ನನ್ನ ದಾಳಿ ಒಮ್ಮೆಯೂ ಅರ್ಧ ದಾರಿಯಲ್ಲಿ ನಿಲ್ಲದ ಗುಟ್ಟು ಹೊರಬಿತ್ತು: ನಾನು ಪ್ರತಿ ಸಲವೂ ದೂರವನ್ನು ಹೆಚ್ಚೆಂದುಕೊಂಡೇ ಹೊರಡುತ್ತಿದ್ದೆ.

ಆದರೆ ನನ್ನನ್ನು ಹಿಡಿದದ್ದು ಬೇರೆಯೇ ಲೆಕ್ಕ. ಕಣ್ಣು ಕಲಿತದ್ದು ಕಾವಲಿಯಿಂದ. ಕಣ್ಣು ತಪ್ಪಿದ್ದರೆ...

ಮರುದಿನ ಬೆಳಿಗ್ಗೆ ಮೊದಲ ಮಸಾಲೆ ದೋಸೆ ಏಳುವ ಮುಂಚೆ ಟೇಪು ಹಿಡಿದು ಕಾವಲಿಯ ಮುಂದೆ ನಿಂತೆ. ಹನ್ನೊಂದೂವರೆ. ಎರಡನೆಯದೂ ಹನ್ನೊಂದೂವರೆ. ನಾಲ್ಕು ವರ್ಷದ ಹಿಂದೆ ಸವೆದ ಸೌಟನ್ನು ಬದಲಾಯಿಸಿದವನು ನಾನೇ. ಹೊಸದು ಒಂದು ಗುಟುಕು ಹಿಟ್ಟು ಕಡಿಮೆ ಹಿಡಿಯುತ್ತದೆಂದು ನೋಡದೆ ತಂದವನೂ ನಾನೇ. ಇಷ್ಟು ದಿನ ಅದನ್ನು ತಿಂದು 'ವಾಹ್ ಅಣ್ಣಾ' ಎಂದು ಕೈ ತೊಳೆದು ಹೋದವರಲ್ಲಿ ಹಿತೇಶ್‌ಭಾಯಿಯೂ ಒಬ್ಬ. ಅವನನ್ನು ನಾನು ಮೋಸಗಾರ ಎಂದಿದ್ದೆ.

ದೋಸೆ ಹುಯ್ಯುವ ಮಂಜಣ್ಣ ಸೌಟು ಹಿಡಿದು ನನ್ನನ್ನೂ ಟೇಪನ್ನೂ ನೋಡಿದ. "ಎಂತ ಶೆಟ್ರೇ, ದೋಸಿ ಮೇಲೂ ಯುದ್ಧವಾ?"

"ಇಲ್ಲ ಮಾರಾಯ, ಸಂಧಾನ," ಎಂದೆ. "ಇವತ್ತಿನಿಂದ ಸೌಟಿನ ಮೇಲೆ ಒಂದು ಗುಟುಕು ಹೆಚ್ಚಿಗೆ ಹುಯ್ಯಿ."