ವೆರ್ಣಾ ಬಸ್ಸಿನಲ್ಲಿ ನೋಡಿದ ಕುದುರೆ ಸಿನಿಮಾ

ಕಪ್ಪು ಜನರನ್ನು ದನಗಳ ಹಾಗೆ ಕೊಂಡು ಮಾರುತ್ತಿದ್ದ ಕಾಲದ ಅಮೆರಿಕದ ಸಿನಿಮಾವೊಂದನ್ನು ನಾನು ಒಂದೇ ಕಿವಿಯಿಂದ ಕೇಳಿಸಿಕೊಂಡು ನೋಡಿದ್ದೇನೆ. ಇಯರ್‌ಫೋನಿನ ಇನ್ನೊಂದು ತುದಿ ಅಕ್ಕನವರ ಕಿವಿಯಲ್ಲಿರುತ್ತಿತ್ತು. ಅಕ್ಕ ಎಂದರೆ ಒಡಹುಟ್ಟಿದವರಲ್ಲ, ನಮ್ಮ ಲೈನ್ ಲೀಡರ್. ಬೆಳಗಾವಿ ಕಡೆಯವರು. ರಾಜ್ಯದ ಗಡಿಯಾಚೆ, ವೆರ್ಣಾದಲ್ಲಿ ಮಸಾಲೆ ಪುಡಿ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ನಾವಿಬ್ಬರೂ ಒಂದೇ ಲೈನಿನಲ್ಲಿ ನಿಲ್ಲುತ್ತಿದ್ದೆವು.

ಕಂಪನಿ ಬಸ್ಸು ನಾವು ಮನೆ ಮಾಡಿಕೊಂಡಿದ್ದ ಸಡಾದ ಗುಡ್ಡದ ಮೇಲಿಂದ ಹೊರಡುತ್ತದೆ. ಅಕ್ಕ ಅಲ್ಲಿಯೇ ಹತ್ತಿ, ಪಕ್ಕದ ಸೀಟಿನ ಮೇಲೆ ತಮ್ಮ ಡಬ್ಬಿಯ ಚೀಲ ಇಟ್ಟುಬಿಡುತ್ತಿದ್ದರು. ನಾನು ಇಳಿಜಾರಿನ ಸ್ಟಾಪಿನಲ್ಲಿ ಹತ್ತುವ ತನಕ ಆ ಚೀಲವನ್ನು ಯಾರೂ ಮುಟ್ಟುವಂತಿಲ್ಲ. ನಮ್ಮ ಬಸ್ಸಿನಲ್ಲಿ ಚೀಲ ಕೂತಿದೆ ಎಂದರೆ ಮನುಷ್ಯರೇ ಕೂತ ಲೆಕ್ಕ. ನಿಂತು ನಿಂತು ಕಾಲು ಬಾತವರೂ ಅದರ ಕಡೆ ಒಮ್ಮೆ ನೋಡಿ, ಮೇಲಿನ ಸರಳು ಹಿಡಿದುಕೊಳ್ಳುತ್ತಿದ್ದರು.

ಮೊಬೈಲು ಅಕ್ಕನವರದು, ಇಯರ್‌ಫೋನು ಅವರದು, ಯಾವ ಸಿನಿಮಾ ಎನ್ನುವುದೂ ಅವರದೇ ತೀರ್ಮಾನ. ಹಿಂದಿ ಮಾತು ಕೂಡಿಸಿದ ಇಂಗ್ಲಿಷ್ ಸಿನಿಮಾ ಎಂದರೆ ಅವರಿಗೆ ಪ್ರಾಣ, ಅದರಲ್ಲೂ ಕುದುರೆ ಇರಬೇಕು. ಕಾರ್ಖಾನೆಯ ಗೇಟು ಕಂಡ ಕೂಡಲೇ ಅವರು ಚಿತ್ರ ನಿಲ್ಲಿಸುತ್ತಿದ್ದರು. ಮನೆಯಲ್ಲಿ ಒಬ್ಬಳೇ ಮುಂದಿನದನ್ನು ನೋಡಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಹೀಗಾಗಿ ಒಂದು ಸಿನಿಮಾ ಮುಗಿಯಲು ವಾರಗಟ್ಟಲೆ ಹಿಡಿಯುತ್ತಿತ್ತು. ಉಳಿದ ಹೊತ್ತೆಲ್ಲ ನಾನು ಮುಂದೇನು ಎಂದು ತಲೆ ಕೆರೆದುಕೊಳ್ಳುತ್ತಿದ್ದೆ. ನನಗೆ ಅದೇ ಹೆಚ್ಚು ಖುಷಿ ಎಂದರೂ ಸುಳ್ಳಲ್ಲ.

ಈ ಸಿನಿಮಾದಲ್ಲಿ ಒಬ್ಬ ಬಿಳಿಯ ಮುದುಕ. ಪ್ರಾಯದಲ್ಲಿ ನಾಯಿಗಳನ್ನು ಬಿಟ್ಟು, ಓಡಿಹೋದ ಗುಲಾಮರನ್ನು ಹಿಡಿದು ತರುವುದೇ ಅವನ ಕಸುಬು. ಮುಪ್ಪಿನಲ್ಲಿ ಮಾಡಿದ್ದೆಲ್ಲ ನೆನಪಾಗಿ ನಿದ್ದೆ ಬರುವುದಿಲ್ಲ. ಪಾಪ ಕಳೆದುಕೊಳ್ಳಲೆಂದು, ತಪ್ಪಿಸಿಕೊಂಡು ಬಂದ ಒಬ್ಬ ಕಪ್ಪು ಮನುಷ್ಯನನ್ನು ಗುಲಾಮಗಿರಿ ಇಲ್ಲದ ಉತ್ತರದ ಸೀಮೆಗೆ ಮುಟ್ಟಿಸಲು ಹೊರಡುತ್ತಾನೆ. ಅವನಿಗೆ ಕುದುರೆ ಹತ್ತುವುದನ್ನು, ಬಂದೂಕು ಹಿಡಿಯುವುದನ್ನು, ಮಣ್ಣಿನಲ್ಲಿ ಹೆಜ್ಜೆಗುರುತು ಓದುವುದನ್ನು ಕಲಿಸುತ್ತಾನೆ. ಆದರೆ ಇವತ್ತು ಯಾವ ಕಡೆ ಹೋಗಬೇಕೆಂಬುದನ್ನು ಮಾತ್ರ ಪ್ರತಿ ಮುಂಜಾನೆ ತಾನೇ ಹೇಳುತ್ತಾನೆ. ಆ ಮನುಷ್ಯ ಒಮ್ಮೆಯೂ ದಾರಿ ಕೇಳುವುದಿಲ್ಲ. ಅವನ ಕುದುರೆ ಯಾವಾಗಲೂ ಹಿಂದೆ.

ಮುದುಕ ಬೆಂಕಿಯ ಮುಂದೆ ಕೂತು ಅಳುವ ದೃಶ್ಯ ಬಂದಾಗ ಅಕ್ಕನವರ ಕಣ್ಣಲ್ಲೂ ನೀರು.

"ಎಂಥಾ ಚಲೋ ಗುರು ಸಿಕ್ಕಾನ ನೋಡವಾ ಅವಂಗ," ಅಂದರು.

"ಅಲ್ರಿ ಅಕ್ಕಾರ, ಎಲ್ಲಾ ಕಲಸ್ತಾನ, ದಾರಿ ಒಂದ್ ಯಾಕ ಹೇಳವಲ್ಲ?"

"ಹೇಳಿದ್ರ ಒಬ್ಬನ ಹೋಗಿ ಸಿಕ್ಕೊಂಡ್ ಬೀಳ್ತಾನ. ಈ ಮುದುಕ ಇರಲಿಲ್ಲಂದ್ರ ಅವ ಎಲ್ಲಿರ್ತಿದ್ದ ಹೇಳು?"

"ಇಂಥಾ ಮುದುಕರು ಇರಲಿಲ್ಲಂದ್ರ ಅವ ತನ್ನ ಮನ್ಯಾಗ ಇರ್ತಿದ್ದ ಅಲ್ರಿ."

ಅಕ್ಕ ಚಿತ್ರ ನಿಲ್ಲಿಸಿ ನನ್ನ ಮುಖ ನೋಡಿದರು. "ನಿಂದು ಬರೇ ಪ್ರಶ್ನಿನ ಆತು. ಸುಮ್ನ ನೋಡು," ಎಂದು ಮತ್ತೆ ಹಚ್ಚಿದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾನು ಯಾರ ಗುಲಾಮಳೂ ಅಲ್ಲ. ಸಂಬಳವಿದೆ, ಭಾನುವಾರ ರಜೆ ಇದೆ, ಬೇಡವಾದರೆ ಬಿಟ್ಟು ಬರಬಹುದು. ಆ ಜನರ ಗೋಳನ್ನು ನನ್ನ ಬಸ್ಸು, ಡಬ್ಬಿಯ ಪಕ್ಕ ಇಟ್ಟು ತೂಗಿದರೆ ಅವರಿಗೆ ಅವಮಾನ. ಆದರೂ ಆ ಹಿಂದಿನ ಕುದುರೆ ನನ್ನ ತಲೆಯಿಂದ ಇಳಿಯಲಿಲ್ಲ. ಅದಕ್ಕೆ ಕಾರಣ ನಮ್ಮ ಸೀಲಿಂಗ್ ಮಷಿನ್ನು.

ಪುಡಿ ತುಂಬಿದ ಪೊಟ್ಟಣದ ಬಾಯಿಯನ್ನು ಬಿಸಿಯಿಂದ ಅಂಟಿಸುವ ಮಷಿನ್ನು ಅದು. ಬಿಸಿ ಕಡಿಮೆಯಾದರೆ ಬಾಯಿ ಬಿಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಪೊಟ್ಟಣ ಮುರುಟಿಕೊಳ್ಳುತ್ತದೆ. ಮಳೆಗಾಲದ ಬಿಸಿ ಬೇಸಿಗೆಗೆ ನಡೆಯುವುದಿಲ್ಲ. ಅಕ್ಕ ನನಗೆ ಎಲ್ಲವನ್ನೂ ಕಲಿಸಿದ್ದರು. ಕೂದಲೊಂದೂ ಹೊರಗೆ ಬಾರದಂತೆ ಟೋಪಿ ಹಾಕುವುದು, ಕೈ ನೋಯದಂತೆ ಪೊಟ್ಟಣ ಎತ್ತುವುದು, ಸಾಹೇಬರ ಮುಂದೆ ತಡವರಿಸದೆ ಹಿಂದಿ ಮಾತಾಡುವುದು. ಬಂದ ಹೊಸತರಲ್ಲಿ ನಾನು ಸಂಡಾಸಿನಲ್ಲಿ ನಿಂತು ಅತ್ತಾಗ ಹೊರಗೆ ಕಾದು, ಮುಖ ತೊಳೆಸಿ ಕರೆತಂದವರು ಅವರೇ. ಅದನ್ನು ಮರೆತರೆ ನಾನು ಮನುಷ್ಯಳೇ ಅಲ್ಲ. ಆದರೆ ಬಿಸಿ ಇಡುವ ನಾಬನ್ನು ಮಾತ್ರ ದಿನಾ ಕೆಲಸ ಶುರುವಾಗುವಾಗ ತಾವೇ ತಿರುಗಿಸುತ್ತಿದ್ದರು. ನಾವೆಲ್ಲ ಕೈಗವಸು ಹಾಕಿಕೊಂಡು ಹಿಂದೆ ಕಾಯುತ್ತಿದ್ದೆವು. ನಮಗೆ ಕಾಣುತ್ತಿದ್ದದ್ದು ಅವರ ಬೆನ್ನು ಮತ್ತು ಬಲಗೈಯ ಮೊಣಕೈ ಅಷ್ಟೇ.

ಹೀಗಿರುವಾಗ ಕಾರ್ಖಾನೆಯಲ್ಲಿ ಹೊಸ ಶೆಡ್ಡು ಎದ್ದಿತು. ಅಲ್ಲೊಂದು ಲೈನು, ಅದಕ್ಕೊಬ್ಬ ಲೀಡರ್ ಬೇಕು. ಸಾಹೇಬರು ಕ್ಯಾಂಟೀನಿನಲ್ಲಿ ನನ್ನನ್ನು ಕರೆದು, ನಿನ್ನ ಹೆಸರು ಬಂದಿದೆ, ಆದರೆ ಇನ್ನೊಂದು ವರ್ಷ ಆಗಲಿ ಎಂದು ನಿಮ್ಮ ಲೀಡರೇ ಹೇಳಿದ್ದಾರೆ, ನೀನೇನು ಹೇಳುತ್ತಿ ಎಂದರು. ಅಲ್ಲಿ ಶಿಫ್ಟು ಬದಲಾಗುವುದಿಲ್ಲ, ಯಾವಾಗಲೂ ಹಗಲಿನದೇ. ಮಗಳು ಶಾಲೆಯಿಂದ ಬಂದು ಸ್ವಲ್ಪ ಹೊತ್ತಿಗೆಲ್ಲ ನಾನು ಮನೆಯಲ್ಲಿರಬಹುದು, ಅವಳು ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತು ಕತ್ತಲಾಗುವ ತನಕ ಕಾಯಬೇಕಿಲ್ಲ. ನನಗೆ ಆ ಲೈನು ಬೇಕೇ ಬೇಕಿತ್ತು. ಸಾಹೇಬರಿಗೆ ನಾಳೆ ಹೇಳುತ್ತೇನೆ ಎಂದೆ.

ಮೊದಲು ಮೈ ಉರಿದುಹೋಯಿತು. ಆಮೇಲೆ ಉರಿ ಇಳಿದು ಸೋಜಿಗವೊಂದೇ ಉಳಿಯಿತು. ನನಗಾಗಿ ಸೀಟು ಹಿಡಿಯುವ ಈ ಹೆಂಗಸು ಹಾಗೇಕೆ ಹೇಳಿದಳು?

ಮರುದಿನ ಬಸ್ಸಿನಲ್ಲಿ ಚೀಲ ಎಂದಿನಂತೆ ನನ್ನ ಜಾಗದಲ್ಲಿ ಕೂತಿತ್ತು. ಸಿನಿಮಾ ಹೊಳೆಯ ದಂಡೆಗೆ ಬಂದಿತ್ತು. ಮಳೆಯಾಗಿ ನೀರು ಏರಿದೆ, ದಾಟುವ ಜಾಗ ಮುದುಕನಿಗೆ ಸಿಗುತ್ತಿಲ್ಲ. ಆಗ ಹಿಂದಿನ ಕುದುರೆ ಮೊದಲ ಸಲ ಮುಂದೆ ಬರುತ್ತದೆ. ಆ ಮನುಷ್ಯ ಒಂದು ಮಾತೂ ಆಡದೆ ದಂಡೆಗುಂಟ ಮೇಲಕ್ಕೆ ಹೋಗಿ, ನೀರು ತೆಳುವಾದಲ್ಲಿ ಕುದುರೆ ಇಳಿಸಿ ದಾಟಿಯೇಬಿಡುತ್ತಾನೆ. ಅವನಿಗೆ ದಾರಿ ಗೊತ್ತಿತ್ತು! ಮುದುಕ ಈಚೆ ದಂಡೆಯಲ್ಲಿ ಬಾಯಿ ತೆರೆದು ನಿಂತ. ಅಷ್ಟರಲ್ಲಿ ಗೇಟು ಕಂಡು ಅಕ್ಕ ನಿಲ್ಲಿಸಿದರು.

ಕೇಳಿಯೇಬಿಟ್ಟೆ. "ಅಕ್ಕಾರ, ಇನ್ನೊಂದ್ ವರ್ಷ ಆಗ್ಲಿ ಅಂದ್ರಂತಲ್ರಿ. ಯಾಕ್ರಿ?"

ಅವರು ವೈರನ್ನು ಬೆರಳಿಗೆ ಸುತ್ತತೊಡಗಿದರು. "ಬಿಸಿ ಇಡಾಕ ಬರ್ತದೇನ ನಿನಗ? ಅಲ್ಲಿ ಯಾರ ಇಟ್ಟ ಕೊಡ್ತಾರ?" ಅಂದರು. ಇಳಿಯುವಾಗ ತಿರುಗಿ, ಸಣ್ಣ ದನಿಯಲ್ಲಿ, "ನೀ ಹೋದ್ರ ಈ ಸೀಟಿನ್ಯಾಗ ಯಾರ ಕುಂದ್ರಬೇಕು?" ಅಂದರು.

ಬೈದಿದ್ದರೆ ಸುಲಭವಿತ್ತು.

ಒಳಗೆ ಹೋಗಿ ಎಂದಿನಂತೆ ಹಿಂದೆ ನಿಂತೆವು. ಅಕ್ಕ ನಾಬಿನ ಮೇಲೆ ಕೈ ಇಟ್ಟರು, ಇಟ್ಟ ಕೈ ಅಲ್ಲಿಯೇ ನಿಂತಿತು. ಆಮೇಲೆ ಪಕ್ಕಕ್ಕೆ ಸರಿದು ನನ್ನನ್ನು ಕರೆದರು. "ಬಾ, ಇಡು ನೋಡೋಣ."

ಹೊರಗೆ ಜೋರು ಮಳೆ. ನಾನು ನಾಬು ತಿರುಗಿಸಿದೆ, ತುಸು ತಡೆದು ಇನ್ನೊಂದಿಷ್ಟು ಏರಿಸಿದೆ. ಮೊದಲ ಪೊಟ್ಟಣ ಹೊರಬಿತ್ತು. ಅಕ್ಕ ಅದನ್ನು ಎರಡೂ ಕೈಯಿಂದ ಜಗ್ಗಿದರು. ಬಾಯಿ ಬಿಚ್ಚಲಿಲ್ಲ. ಅವರು ಪೊಟ್ಟಣವನ್ನು ಪೆಟ್ಟಿಗೆಗೆ ಹಾಕಿದರು. ಊಟದ ಹೊತ್ತಿನಲ್ಲಿ ನಾನು ಕೈ ತೊಳೆದು ಬರುವಷ್ಟರಲ್ಲಿ ಅವರೇ ಸಾಹೇಬರ ಕೋಣೆಗೆ ಹೋಗಿ, ಹೊಸ ಲೈನು ಇವಳಿಗೇ ಕೊಡಿ ಎಂದು ಹೇಳಿ ಬಂದಿದ್ದರು.

ಸಂಜೆ ಬಸ್ಸಿನಲ್ಲಿ ಮೊಬೈಲು ಅವರ ತೊಡೆಯ ಮೇಲಿತ್ತು. ಬಾಯಿ ತೆರೆದ ಮುದುಕ ಇನ್ನೂ ಹಾಗೆಯೇ ನಿಂತಿದ್ದ.

"ಬಿಸಿ ಇಡೂದು ಯಾವಾಗಿಂದ ಗೊತ್ತೈತಿ ನಿನಗ?"

"ಭಾಳ ದಿನಾ ಆತ್ರಿ. ನಿಮ್ಮ ಮೊಣಕೈ ನೋಡಿ ನೋಡಿನ ಕಲ್ತೇನ್ರಿ."

"ಮತ್ತ ಒಂದಿನಾನೂ ಬಾಯಿ ಬಿಡ್ಲಿಲ್ಲಲ್ಲ?"

"ನೀವ ಕರೀಲಿ ಅಂತ ಕಾಯಾಕತ್ತಿದ್ದೆ ರೀ."

ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣು ಒತ್ತಿಕೊಂಡರು. ವೆರ್ಣಾ ಹಿಂದೆ ಬಿದ್ದ ಮೇಲೆ ಅವರು ಮೊಬೈಲನ್ನು ಎತ್ತಿ ನನ್ನ ಕೈಯಲ್ಲಿಟ್ಟರು.

"ಇಷ್ಟ್ ವರ್ಷ ನನ್ನ ಬೆನ್ನ ನೋಡ್ಕೋತ ನಿಂತಿದ್ದೆಲ್ಲವಾ," ಅಂದರು. "ಹಿಡಿ. ಮುಂದಿಂದು ನೀನ ಹಚ್ಚು."