ನಾಲ್ಕನೇ ಲೈನಿನ ಇಂದ್ರಾಣಿ

ಇಂದ್ರಾಣಿಗೆ ಹತ್ತೊಂಬತ್ತು ದಿನದ ಸಂಬಳ ಬರಬೇಕು. ಅವಳೊಬ್ಬಳಿಗಲ್ಲ, ನಾಲ್ಕನೇ ಲೈನಿನ ಇಪ್ಪತ್ತೆರಡು ಹೆಂಗಸರಿಗೂ. ಅವರು ಹೊಲಿಯುತ್ತಿದ್ದ ಜೆ.ಪಿ. ನಗರದ ಗಾರ್ಮೆಂಟ್ಸ್ ಫ್ಯಾಕ್ಟರಿ ಬಾಗಿಲು ಹಾಕಿ ಮೂರು ತಿಂಗಳಾಯಿತು.

ಇಂಗ್ಲಿಷ್ ಓದಲು ಬಾರದ ಇಂದ್ರಾಣಿಯ ಬದುಕು ಕಳೆದದ್ದೆಲ್ಲ 'ಲೈನ್' ಅನ್ನುವ ಈ ಒಂದು ಇಂಗ್ಲಿಷ್ ಪದದಲ್ಲೇ. ಹುಟ್ಟಿದ್ದು ಸಾರಕ್ಕಿಯ ಲೈನ್ ಮನೆಯಲ್ಲಿ. ಒಂದೇ ಸೂರು, ಒಂಬತ್ತು ಬಾಗಿಲು, ಎಲ್ಲರಿಗೂ ಒಂದೇ ನಲ್ಲಿ. ಸೀಮೆಎಣ್ಣೆಯ ಲೈನಿನಲ್ಲಿ ತನ್ನ ಜಾಗಕ್ಕೊಂದು ಕಲ್ಲಿಟ್ಟು ಸ್ಕೂಲಿಗೆ ಓಡುತ್ತಿದ್ದಳು. ಆ ಕಲ್ಲನ್ನು ಯಾರೂ ಸರಿಸುತ್ತಿರಲಿಲ್ಲ. ಮುಂದೆ ಬಸ್ ಸ್ಟಾಪಿನಲ್ಲಿ ಯಲ್ಲಯ್ಯ ಆರು ತಿಂಗಳು ಲೈನ್ ಹೊಡೆದ.

"ಎಲ್ಲಾ ಬಸ್ಸೂ ಬಿಡ್ತೀಯಲ್ಲ, ನೀನು ಹತ್ತೋದು ಯಾವುದನ್ನ?" ಇವಳೇ ಕೇಳಿದಳು.

"ನೀವು ಹತ್ತೋದನ್ನ."

ಮದುವೆಯಾಯಿತು. ಆರು ವರ್ಷದ ಹಿಂದೆ ಯಲ್ಲಯ್ಯ ತೀರಿಕೊಂಡ. ಲೈನ್ ಮನೆ ಒಡೆದು ಐದಂತಸ್ತಿನ ಪಿ.ಜಿ. ಎದ್ದಿತು.

ಉಳಿದದ್ದು ಹೊಲಿಗೆಯ ಲೈನು. ಇವಳದು ಶರ್ಟಿನ ಕಾಲರ್, ಪಕ್ಕದ ಶಿವವ್ವನದು ತೋಳಿನ ಕಫ್. ಒಬ್ಬಳು ಎದ್ದುಹೋದರೆ ಪಕ್ಕದವಳು ಅವಳ ಪೀಸನ್ನೂ ಹೊಲಿದು ಮುಂದೆ ತಳ್ಳುತ್ತಿದ್ದಳು. ಲೆಕ್ಕ ಮಾತ್ರ ಎದ್ದುಹೋದವಳ ಹೆಸರಿಗೆ. ಯಾವ ಸೂಪರ್‌ವೈಸರೂ ಕಲಿಸಿದ್ದಲ್ಲ. ಶಿವವ್ವ ಬಸುರಿಯಾಗಿ ತಲೆಸುತ್ತಿ ಕೂತಾಗಲೆಲ್ಲ ಇಂದ್ರಾಣಿ ಕಫ್ ಹೊಲಿದಳು. ಯಲ್ಲಯ್ಯ ಹೋದಮೇಲೆ ಇವಳ ಹೊಲಿಗೆ ಸೊಟ್ಟಗಾಗುತ್ತಿದ್ದಾಗ ಶಿವವ್ವ ಕಾಲರ್ ಹೊಲಿದಳು.

ಮೊನ್ನೆ ಮ್ಯಾನೇಜರ್ ಸುಮೇಧನ ಫೋನ್ ಬಂತು. "ಇಂದ್ರಾಣಿಯಮ್ಮ, ನೀವು ಹಳಬರು. ನಿಮ್ಮದೊಂದು ಕ್ಲಿಯರ್ ಮಾಡ್ಬಿಡ್ತೀವಿ. ಲೇಬರ್ ಆಫೀಸಲ್ಲಿ ಕೊಟ್ಟಿರೋ ಕಂಪ್ಲೇಂಟ್ ವಾಪಸ್ ತಗೊಳ್ಳಿ, ಯಾರಿಗೂ ಹೇಳ್ಬೇಡಿ."

ಎರಡು ತಿಂಗಳ ಬಾಡಿಗೆ ಕಟ್ಟಿಲ್ಲ.

"ಮಿಕ್ಕೋರ್ದು?"

"ಆಮೇಲೆ ನೋಡೋಣ."

"ಸಾರ್, ನನ್ನ ಹೆಸರಿನ ಕಾಲರಲ್ಲಿ ಶಿವವ್ವ ಹೊಲಿದಿದ್ದು ಎಷ್ಟು? ನಂಗೇ ಗೊತ್ತಿಲ್ಲ. ನೀವು ಹೆಂಗೆ ನಂದು ಅಂತ ಬೇರೆ ಮಾಡಿ ಕೊಡ್ತೀರಾ? ಕೊಟ್ರೆ ಎಲ್ರಿಗೂ ಕೊಡಿ."

ಸುದ್ದಿ ಕೇಳಿ ಶಿವವ್ವ ಉರಿದುಬಿದ್ದಳು. "ಹುಚ್ಚು ಹಿಡದೈತೇನಕ್ಕಾ ನಿನಗ? ಬಂದದ್ದು ತಗೊಳ್ಳೋದು ಬಿಟ್ಟು!"

"ಬೈಯೋದೆಲ್ಲ ಸೋಮವಾರ ಫ್ಯಾಕ್ಟರಿ ಗೇಟ್ ಹತ್ರ ಬಂದು ಬೈಯಿ."

ಸೋಮವಾರ ಹತ್ತು ಗಂಟೆಗೆ ಇಪ್ಪತ್ತೆರಡೂ ಜನ ಬೀಗ ಹಾಕಿದ ಆ ಗೇಟಿನ ಮುಂದೆ ಧರಣಿ ಕೂರುತ್ತಾರೆ. ಓದಿ ಅಯ್ಯೋ ಪಾಪ ಅನ್ನಬೇಡಿ, ಅದರಿಂದ ಬಾಡಿಗೆ ಕಟ್ಟೋಕಾಗಲ್ಲ. ತಿಂಡಿ ಮುಗಿಸಿ ಬನ್ನಿ, ಅವರ ಪಕ್ಕದಲ್ಲಿ ಸಂಜೆವರೆಗೆ ಕೂರಿ. ಬರ್ತೀರೋ ಇಲ್ಲವೋ, ಈಗಲೇ ಹೇಳಿ.