ವೈನಿ ಆರಿಸಿದ ಕ್ಯಾಮೆರಾ

ಮೊನ್ನೆ ಬಸ್ಸಿನಿಂದ ಇಳಿಯುವಾಗ ಕಾಲು ಉಳುಕಿತು. ಸೊಸೆ ಎಣ್ಣೆಯಲ್ಲಿ ಅರಿಶಿನ ಬಿಸಿ ಮಾಡಿ ತಂದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬೈಲಹೊಂಗಲದಲ್ಲಿ ನಮ್ಮ ಬಾಜೂಮನೆಯಲ್ಲಿದ್ದ ವೈನಿ ನೆನಪಾದಳು... ಅವಳ ಮೈಯಿಂದ ಸದಾ ಇದೇ ವಾಸನೆ. ಗಂಡ ಹೊಡೆಯುತ್ತಿದ್ದ, ಅತ್ತೆ ಅರಿಶಿನ ಹಚ್ಚುತ್ತಿದ್ದಳು. ಅವಳಿಗೆ ವೈನಿ ಎಂದ ಮೇಲೆ ಅವನಿಗೆ ಅಣ್ಣ ಎನ್ನಬೇಕು. ಆ ಹಾಳಾದವನಿಗೆ ಅಣ್ಣ ಎನ್ನಲು ನನ್ನ ನಾಲಿಗೆ ಏಳಲಿಲ್ಲ.

ಅವಳ ತವರು ರಾಮದುರ್ಗದ ಕಡೆ. ಓಣಿಯ ಹಿರಿಯರು ಹೂಂ ಅನ್ನದೆ ತವರಿನವರು ಅವಳನ್ನು ಕರೆದೊಯ್ಯಲು ತಯಾರಿರಲಿಲ್ಲ. ಹಿರಿಯರಿಗೋ ಹೊಡೆತದ ಗುರುತು ಬೇಕು, ಆದರೆ ಹೆಣ್ಣುಮಗಳು ನಾಲ್ಕು ಗಂಡಸರ ಮುಂದೆ ಬೆನ್ನು ತೋರಿಸಬಾರದು! ನಾನೂ ಹೆಣ್ಣು, ಸಣ್ಣದೊಂದು ಫೋಟೊ ಸ್ಟುಡಿಯೊ ಇಟ್ಟಿದ್ದೆ. ಅವಳ ಬೆನ್ನಿನ ಬಾಸುಂಡೆಗಳನ್ನು ಅವರ ಮನೆಯ ಹಳದಿ ಬಲ್ಬಿನ ಬೆಳಕಿನಲ್ಲೇ ರೀಲಿನ ಕ್ಯಾಮೆರಾದಿಂದ ತೆಗೆದುಕೊಟ್ಟೆ. ಫೋಟೊ ತುಂಬ ಕೇಸರಿ ಬಣ್ಣ. ಅರಿಶಿನ ಹಚ್ಚಿಕೊಂಡಿದ್ದಾಳೆ ಬಿಡಿ ಎಂದು ಹಿರಿಯರು ಕೈ ಝಾಡಿಸಿದರು.

ಮರುವರ್ಷ ಡಿಜಿಟಲ್ ಕ್ಯಾಮೆರಾ ಕೊಳ್ಳಲು ಧಾರವಾಡಕ್ಕೆ ಹೊರಟಾಗ ವೈನಿ ತಾನೂ ಬರುತ್ತೇನೆಂದಳು. ಬೆಳಕು ಎಂಥದ್ದೇ ಇರಲಿ, ಒಂದು ಬಿಳಿ ವಸ್ತು ತೋರಿಸಿ ಇದು ಬಿಳಿ ಎಂದು ಕ್ಯಾಮೆರಾಕ್ಕೆ ಕಲಿಸಿದರೆ ಉಳಿದ ಬಣ್ಣಗಳೂ ಸರಿಯಾಗುತ್ತವೆ, ಅದಕ್ಕೆ ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ ಎಂದು ದಾರಿಯುದ್ದಕ್ಕೂ ಹೇಳಿದ್ದೆ. ಅಂಗಡಿಯವನು ಮೆಗಾಪಿಕ್ಸೆಲ್ಲಿನ ಪುರಾಣ ತೆಗೆದ. ವೈನಿ ಸುಮ್ಮನೆ ಕುಪ್ಪಸದ ತೋಳು ಮೇಲೇರಿಸಿದಳು. ಅಂಗೈ ಅಗಲದ ಕಪ್ಪು-ನೀಲಿ ಕಲೆ. ಅಂಗಡಿಯವನು ಎರಡು ಕ್ಯಾಮೆರಾ ತೆಗೆದು ಮುಂದಿಟ್ಟ. ಅವನ ಹಳದಿ ದೀಪದಡಿ ಮೊದಲ ಕ್ಯಾಮೆರಾದಲ್ಲಿ ಅದು ಕೆಸರಿನಂತೆ ಕಂಡಿತು. ಎರಡನೆಯದಕ್ಕೆ ಬಿಳಿ ಹಾಳೆ ತೋರಿಸಿ ತೆಗೆದೆ. ಅವಳು ಒಮ್ಮೆ ಪರದೆ, ಒಮ್ಮೆ ತೋಳು ನೋಡಿದಳು.

"ಇದರಾಗ ನನ್ನ ಕೈ ನನ್ನ ಕೈ ಇದ್ದಂಗ ಐತಿ ತಂಗಿ. ಇದನ್ನ ತಗೋ."

ಮದುವೆಗಳಿಗೆ ನಾನಿನ್ನೂ ರೀಲಿನದನ್ನೇ ಒಯ್ಯುತ್ತಿದ್ದೆ. ನಾನು ಊರಲ್ಲಿಲ್ಲದಾಗ ಹೊಸದು ವೈನಿಯ ಸೀರೆಗಳ ನಡುವೆ ಇರುತ್ತಿತ್ತು. ನಾನು ದೊಡವಾಡದ ಮದುವೆಗೆ ಹೋದ ದಿನ ಗಂಡ ಅವಳ ಕೂದಲು ಹಿಡಿದು ಒರಳಿಗೆ ಮುಖ ಜಜ್ಜಿದ. ಅವನು ಹೊರಬಿದ್ದ ಮೇಲೆ, ಬಾಯಲ್ಲಿ ರಕ್ತ ತುಂಬಿದ್ದರೂ ಅವಳು ನಾನು ಕಲಿಸಿದಂತೆಯೇ ಮಾಡಿದಳು. ಒಳಗೆ ಹಗ್ಗದ ಮೇಲಿದ್ದ ಅವನ ಬಿಳಿ ಧೋತರವನ್ನು ಕ್ಯಾಮೆರಾಕ್ಕೆ ತೋರಿಸಿ, ತನ್ನ ಮುಖ ತಾನೇ ತೆಗೆದುಕೊಂಡಳು. ಅದು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಉಟ್ಟು ಹೋಗಿದ್ದ ಧೋತರ. ಎಷ್ಟು ಒಗೆದರೂ ಅಲ್ಲಿ ತೂರಿದ ಭಂಡಾರದ ಅರಿಶಿನ ಪೂರ್ತಿ ಹೋಗಿರಲಿಲ್ಲ. ಆ ಹಳದಿಯನ್ನೇ ಬಿಳಿಯೆಂದು ನಂಬಿದ ಕ್ಯಾಮೆರಾ ಮುಖ, ಹಲ್ಲು, ಹಿಂದಿನ ಗೋಡೆ, ಎಲ್ಲವನ್ನೂ ನೀಲಿ ಮಾಡಿತ್ತು. ಆ ಅವಸರದಲ್ಲಿ ಕ್ಯಾಮೆರಾ ಒಯ್ದು ಪರದೆಯಲ್ಲಿ ಅದನ್ನೇ ಹಿರಿಯರಿಗೆ ತೋರಿಸಿದಳು.

"ಗ್ವಾಡೀಗೂ ಹೊಡದಾನೇನವಾ?" ಎಂದರಂತೆ ಒಬ್ಬರು. ಉಳಿದವರು ನಕ್ಕರಂತೆ. ತುಟಿ ಸೀಳಿದ್ದು ಅವರ ಕಣ್ಣೆದುರಿಗೇ ಇತ್ತಲ್ಲ! ಬಿದ್ದಿರಬೇಕು ಎಂದು ತಾವೇ ತೀರ್ಮಾನಿಸಿ, ಅವನ ಜೊತೆಗೇ ಮನೆಗೆ ಕಳಿಸಿದರು.

ಹಿರಿಯರ ಮುಂದೆ ಮಾನ ಕಳೆದಳೆಂಬ ಸಿಟ್ಟು ಅವನಿಗೆ... ಮರುದಿನ ಬೆಳಿಗ್ಗೆಯೇ ಕೊಡಲಿಯ ಕಾವಿನಿಂದ ಹೊಡೆದು ಕೊಂದ. ಫೋಟೊಕ್ಕೆ ಪೊಲೀಸರು ನನ್ನನ್ನೇ ಕರೆದರು. ಅದೇ ಬಲ್ಬು. ಅವಳಿಗೆ ಹೊದಿಸಲು ತಂದಿದ್ದ ಹೊಸ ಬಿಳಿ ಬಟ್ಟೆಯ ತುದಿಯನ್ನು ಕ್ಯಾಮೆರಾಕ್ಕೆ ತೋರಿಸಿದೆ. ರಕ್ತ ಕೆಂಪಾಗಿ ಬಂತು, ನೀಲಿ ನೀಲಿಯಾಗಿಯೇ ಬಂತು, ಗೋಡೆ ಬೆಳ್ಳಗೆ ಬಂತು. ಆ ಫೋಟೊಗಳನ್ನು ಯಾರೂ ಅರಿಶಿನ ಎನ್ನಲಿಲ್ಲ. ಅವನು ಜೈಲಿಗೆ ಹೋದ.

ಅಂದು ನಕ್ಕವರಲ್ಲಿ ಒಬ್ಬರು ಹೋದ ವಾರ ಸ್ಟುಡಿಯೊಕ್ಕೆ ಬಂದಿದ್ದರು. ಈಗ ಪೂರಾ ಮುದುಕರು. ತೀರಿಕೊಂಡ ಮೇಲೆ ಗೋಡೆಗೆ ಹಾಕಲು ಒಂದು ಚಂದದ ಫೋಟೊ ಬೇಕಂತೆ, ಮುಖ ಸ್ವಲ್ಪ ಬೆಳ್ಳಗೆ ಬರಲಿ ಅಂದರು. ನಿಮ್ಮದು ನಾನು ತೆಗೆಯುವುದಿಲ್ಲ ಎಂದು ಕಳಿಸಿದೆ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ವೈನಿಯ ಒಂದು ನಗುವ ಫೋಟೊ ಕೂಡ ನನ್ನ ಹತ್ತಿರ ಇಲ್ಲ.